ಝೆನ್ ಧ್ಯಾನ ಮತ್ತು ಅದರ ನಿತ್ಯಾಭ್ಯಾಸ

ಝೆನ್ ಧ್ಯಾನವೆಂದರೆ ಮಹಾಯಾನ ಬೌದ್ಧಧರ್ಮದ ಝೆನ್ ಪರಂಪರೆಯಲ್ಲಿ ಬೆನ್ನು ನೆಟ್ಟಗಿರಿಸಿ, ಕಣ್ಣು ಅರೆತೆರೆದು, ಅಲುಗಾಡದೆ ಕೂತು ಮಾಡುವ ಅಭ್ಯಾಸ ಮತ್ತು ಅದೇ ಎಚ್ಚರವನ್ನು ನಡಿಗೆ, ಊಟ, ಅಡುಗೆ, ಗುಡಿಸುವುದು, ತೊಳೆಯುವುದು ಮೊದಲಾದ ದಿನದ ಕೆಲಸಗಳಲ್ಲಿ ಉಳಿಸಿಕೊಳ್ಳುವ ಕ್ರಮ. ಸಂಸ್ಕೃತದ ‘ಧ್ಯಾನ’ ಎಂಬ ಪದ ಚೀನಾದಲ್ಲಿ ಚಾನ್, ಕೊರಿಯಾದಲ್ಲಿ ಸೋನ್, ವಿಯೆಟ್ನಾಮಿನಲ್ಲಿ ಥಿಯೆನ್, ಜಪಾನಿನಲ್ಲಿ ಝೆನ್ ಆಗಿದೆ. ಈ ಲೇಖನದಲ್ಲಿ ಇಡೀ ಪರಂಪರೆಯನ್ನು ಝೆನ್ ಎಂದೂ, ಅದರ ಚೀನೀ ಘಟ್ಟವನ್ನು ಚಾನ್ ಎಂದೂ, ಕೂತು ಮಾಡುವ ಅಭ್ಯಾಸವನ್ನು ಝಝೆನ್ ಎಂದೂ ಕರೆದಿದೆ.

ದಿನದ ಕೆಲಸದಲ್ಲೇ ಧ್ಯಾನ ಮಾಡುವುದು ಬಿಡುವಿಲ್ಲದ ನಗರವಾಸಿಗಳಿಗಾಗಿ ಈಚೆಗೆ ಹುಟ್ಟಿದ ಸರಳೀಕರಣ ಎಂಬ ಭಾವನೆ ವ್ಯಾಪಕವಾಗಿದೆ. ಚಾರಿತ್ರಿಕ ದಾಖಲೆಗಳು ಇದನ್ನು ಸಮರ್ಥಿಸುವುದಿಲ್ಲ. ಕೆಲಸವನ್ನು ಸಾಧನೆಯ ಭಾಗವಾಗಿ ಕಾಣುವುದು ಚಾನ್ ವಿಹಾರಗಳಷ್ಟೇ ಹಳೆಯದು.

ಹುಟ್ಟು ಮತ್ತು ಬೆಳವಣಿಗೆ

ಪರಂಪರೆಯ ಪ್ರಕಾರ ಚಾನ್ ಪಂಥದ ಮೊದಲ ಆಚಾರ್ಯ ಬೋಧಿಧರ್ಮ. ಆತ ಐದನೆಯ ಶತಮಾನದ ಕೊನೆಯಲ್ಲಿ ಅಥವಾ ಆರನೆಯ ಶತಮಾನದ ಆರಂಭದಲ್ಲಿ ಭಾರತದ ಕಡೆಯಿಂದ ಚೀನಾಕ್ಕೆ ಬಂದನೆಂದು ಹೇಳಲಾಗುತ್ತದೆ. ಆತ ಕಂಚಿಯ ರಾಜಕುಮಾರನಾಗಿದ್ದ ಎಂಬುದು ನಂತರದ ಕಾಲದ ಕಥನ. ಶಾಓಲಿನ್ ಬಳಿಯ ಗುಹೆಯಲ್ಲಿ ಒಂಬತ್ತು ವರ್ಷ ಗೋಡೆಗೆ ಮುಖಮಾಡಿ ಕೂತಿದ್ದನೆಂಬುದೂ ಅಂಥದ್ದೇ. ಇತಿಹಾಸಕಾರರಿಗೆ ಹೆಚ್ಚು ಗಟ್ಟಿಯಾದ ನೆಲ ಸಿಗುವುದು ನಾಲ್ಕನೆಯ ಆಚಾರ್ಯ ದಾವೋಶಿನ್ (580–651) ಮತ್ತು ಐದನೆಯ ಆಚಾರ್ಯ ಹೊಂಗ್‌ರೆನ್ (601–674) ಅವರ ಕಾಲದಲ್ಲಿ. ಇಂದಿನ ಹುಬೇ ಪ್ರಾಂತದ ಹುವಾಂಗ್‌ಮೇಯಲ್ಲಿ ಇವರ ಸುತ್ತ ದೊಡ್ಡ ಭಿಕ್ಷುಸಮುದಾಯ ಒಂದೇ ಕಡೆ ನೆಲೆನಿಂತಿತು.

ಈ ನೆಲೆನಿಲ್ಲುವಿಕೆಯ ಪರಿಣಾಮ ದೊಡ್ಡದು. ಭಾರತದ ವಿನಯ ನಿಯಮಗಳಲ್ಲಿ ಭಿಕ್ಷು ನೆಲ ಅಗೆಯುವಂತಿಲ್ಲ, ಗಿಡ ಕಡಿಯುವಂತಿಲ್ಲ, ಭಿಕ್ಷಾಟನೆಯಿಂದಲೇ ಬದುಕಬೇಕು. ಬೆಟ್ಟದ ಮೇಲೆ ನೂರಾರು ಜನ ಒಟ್ಟಿಗಿದ್ದಾಗ ಅದು ಸಾಧ್ಯವಾಗಲಿಲ್ಲ. ಬೇಸಾಯ, ಕಟ್ಟಿಗೆ, ನೀರು, ಅಡುಗೆ ಎಲ್ಲವೂ ಭಿಕ್ಷುಗಳ ಪಾಲಿಗೆ ಬಂದವು. ಹೊಲದ ದುಡಿಮೆಯನ್ನು ವಿಹಾರದ ಕಟ್ಟುಪಾಡಾಗಿ ಮಾಡಿದ ಕೀರ್ತಿಯನ್ನು ಪರಂಪರೆ ಬೈಝಾಂಗ್ ಹುವಾಯ್‌ಹಾಯ್ (ನಿಧನ 814) ಅವರಿಗೆ ಕೊಡುತ್ತದೆ. ಮುಪ್ಪಿನಲ್ಲಿ ಶಿಷ್ಯರು ಅವರ ಸಲಕರಣೆಗಳನ್ನು ಬಚ್ಚಿಟ್ಟಾಗ ಅವರು ಊಟವನ್ನೇ ಬಿಟ್ಟರೆಂಬ ಪ್ರತೀತಿ ಇದೆ. ಅವರ ಹೆಸರಿನ ನಿಯಮಗ್ರಂಥ ಉಳಿದಿಲ್ಲ. ಅಂಥ ಗ್ರಂಥವೊಂದು ಇತ್ತೇ ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪೂರ್ಣವಾಗಿ ಉಳಿದಿರುವ ಅತ್ಯಂತ ಹಳೆಯ ಚಾನ್ ನಿಯಮಸಂಹಿತೆ 1103ರಲ್ಲಿ ಝೋಂಗ್‌ಝೆ ಸಂಕಲಿಸಿದ ‘ಚಾನ್‌ಯುವಾನ್ ಚಿಂಗ್‌ಗುಯ್’. ಇದರಲ್ಲಿ ಅಡುಗೆಯವನ ಹೊಣೆಯಿಂದ ಹಿಡಿದು ಧ್ಯಾನಕ್ಕೆ ಕೂರುವ ವಿಧಾನದವರೆಗೆ ವಿವರಗಳಿವೆ.

ಟಾಂಗ್ ರಾಜವಂಶದ ಕಾಲದಲ್ಲಿ ಚಾನ್ ಹಲವು ಶಾಖೆಗಳಾಗಿ ಒಡೆಯಿತು. ಅವುಗಳಲ್ಲಿ ಎರಡು ಇಂದಿಗೂ ಪ್ರಬಲವಾಗಿ ಉಳಿದಿವೆ: ಲಿಂಜಿ (ನಿಧನ 866) ಅವರ ಹೆಸರಿನ ಶಾಖೆ ಜಪಾನಿನಲ್ಲಿ ರಿಂಝಾಯ್ ಆಯಿತು, ದೋಂಗ್‌ಶಾನ್ ಲಿಯಾಂಗ್‌ಜಿಯೆ (807–869) ಅವರ ಶಾಖೆ ಸೋಟೋ ಆಯಿತು. ಹನ್ನೆರಡನೆಯ ಶತಮಾನದಲ್ಲಿ ಈ ಎರಡು ಶಾಖೆಗಳ ನಡುವೆ ಸಾಧನಕ್ರಮದ ಬಗ್ಗೆ ವಾದ ಎದ್ದಿತು. ಹೊಂಗ್‌ಝಿ ಝೆಂಗ್‌ಜುವೆ (1091–1157) ಮೌನವಾಗಿ ಕೂರುವುದನ್ನೇ ಪ್ರಧಾನವಾಗಿಸಿದರೆ, ದಾಹುಯ್ ಝೋಂಗ್‌ಗಾವ್ (1089–1163) ಕೋಆನ್‌ನ, ಅಂದರೆ ಹಿಂದಿನ ಆಚಾರ್ಯರ ಪ್ರಸಂಗವೊಂದರ, ಮುಖ್ಯ ಪದವನ್ನು ಸದಾ ಹಿಡಿದಿರಬೇಕೆಂದರು. ದಾಹುಯ್ ಅವರ ಪತ್ರಗಳಲ್ಲಿ ಬಹುಪಾಲು ಸರ್ಕಾರಿ ಅಧಿಕಾರಿಗಳಾಗಿದ್ದ ಗೃಹಸ್ಥರಿಗೆ ಬರೆದವು. ಕಚೇರಿಯ ಕಡತ, ಅತಿಥಿ ಸತ್ಕಾರ, ಮನೆಯ ಗದ್ದಲಗಳ ನಡುವೆಯೇ ಆ ಪದವನ್ನು ಬಿಡದಿರುವುದು ಹೇಗೆಂದು ಅವು ತಿಳಿಸುತ್ತವೆ. ಗೃಹಸ್ಥರ ಝೆನ್ ಅಭ್ಯಾಸಕ್ಕೆ ಇವು ಮುಖ್ಯ ಆಕರಗಳು.

ಜಪಾನಿಗೆ ರಿಂಝಾಯ್ ಪರಂಪರೆಯನ್ನು ತಂದವರು ಎಯ್‌ಸಾಯ್ (1141–1215). ಸೋಟೋ ಪರಂಪರೆಯ ಸ್ಥಾಪಕ ದೋಗೆನ್ (1200–1253). ಅವರು 1223ರಲ್ಲಿ ಚೀನಾಕ್ಕೆ ಹೋಗಿ, ಟಿಯಾನ್‌ಟೋಂಗ್ ಬೆಟ್ಟದಲ್ಲಿ ರುಜಿಂಗ್ ಅವರ ಬಳಿ ಅಭ್ಯಾಸ ಮಾಡಿ, 1227ರಲ್ಲಿ ಮರಳಿದರು. ಝಝೆನ್ ಎಲ್ಲರಿಗೂ ತೆರೆದ ಅಭ್ಯಾಸವೆಂದು ಸಾರುವ ‘ಫುಕಾನ್‌ಝಝೆಂಗಿ’ ಎಂಬ ಕಿರುಗ್ರಂಥವನ್ನು ಬರೆದರು. 1244ರಲ್ಲಿ ಇಂದಿನ ಫುಕುಯ್ ಪ್ರಾಂತದ ಬೆಟ್ಟಗಳಲ್ಲಿ ಎಯ್‌ಹೈಜಿ ವಿಹಾರವನ್ನು ಸ್ಥಾಪಿಸಿದರು. ಮೂರನೆಯ ಜಪಾನೀ ಶಾಖೆಯಾದ ಓಬಾಕುವನ್ನು 1654ರಲ್ಲಿ ಚೀನಾದಿಂದ ಬಂದ ಇಂಗೆನ್ ನೆಲೆಗೊಳಿಸಿದರು. ಹಕುಯಿನ್ (1686–1769) ರಿಂಝಾಯ್ ಶಾಖೆಗೆ ಮರುಜೀವ ಕೊಟ್ಟರು. ಇಂದಿನ ರಿಂಝಾಯ್ ಗುರುಪರಂಪರೆಗಳೆಲ್ಲ ಅವರಿಂದ ಬಂದವು.

ಝಝೆನ್: ಕೂರುವ ವಿಧಾನ

ಅಭ್ಯಾಸ ನಡೆಯುವ ಕೋಣೆಗೆ ಝೆಂಡೋ ಎನ್ನುತ್ತಾರೆ. ನೆಲದ ಮೇಲೆ ಝಬುಟನ್ ಎಂಬ ಚೌಕನೆಯ ಹಾಸು, ಅದರ ಮೇಲೆ ಝಫು ಎಂಬ ದುಂಡನೆಯ ದಿಂಬು ಇರುತ್ತದೆ. ದಿಂಬಿನ ಮುಂಭಾಗದ ಅರ್ಧಕ್ಕೆ ಮಾತ್ರ ಕೂರಬೇಕು. ಆಗ ಸೊಂಟ ಮೇಲೆದ್ದು, ಎರಡೂ ಮಂಡಿಗಳು ಹಾಸಿಗೆ ತಾಗಿ, ಮೈಭಾರ ಮೂರು ಕಡೆ ಹಂಚಿಹೋಗುತ್ತದೆ. ಮಂಡಿಗಳು ಗಾಳಿಯಲ್ಲಿ ನಿಂತರೆ ಬೆನ್ನು ಬಾಗುತ್ತದೆ, ಸ್ವಲ್ಪ ಹೊತ್ತಿಗೆ ಸೊಂಟನೋವು ಶುರುವಾಗುತ್ತದೆ. ದಿಂಬನ್ನು ಎತ್ತರಿಸುವುದು ಇದಕ್ಕೆ ಪರಿಹಾರ.

ಕಾಲು ಮಡಿಸುವ ಕ್ರಮಗಳು ಯೋಗ ಬಲ್ಲವರಿಗೆ ಹೊಸವಲ್ಲ: ಪದ್ಮಾಸನ, ಎಡಪಾದವನ್ನು ಬಲತೊಡೆಯ ಮೇಲಿಡುವ ಅರ್ಧಪದ್ಮಾಸನ, ಎರಡೂ ಪಾದಗಳನ್ನು ನೆಲದ ಮೇಲೆ ಒಂದರ ಮುಂದೊಂದಿಡುವ ಬರ್ಮೀ ಕ್ರಮ, ವಜ್ರಾಸನವನ್ನು ಹೋಲುವ ಸೈಝಾ. ಸೈಝಾ ಕ್ರಮದಲ್ಲಿ ಪುಟ್ಟ ಮರದ ಮಣೆಯನ್ನೂ ಬಳಸಬಹುದು. ಮಂಡಿನೋವಿರುವವರು ಕುರ್ಚಿಯ ತುದಿಯಲ್ಲಿ, ಒರಗಿಕೊಳ್ಳದೆ, ಪಾದಗಳನ್ನು ನೆಲಕ್ಕೂರಿ ಕೂರುತ್ತಾರೆ. ಇಂದಿನ ಕೇಂದ್ರಗಳಲ್ಲಿ ಇದು ಸಾಮಾನ್ಯ.

ಮೊದಲು ಮೈಯನ್ನು ಎಡಕ್ಕೂ ಬಲಕ್ಕೂ ದೊಡ್ಡದಾಗಿ, ಆಮೇಲೆ ಚಿಕ್ಕದಾಗಿ ತೂಗಿ ನಡುವಿನಲ್ಲಿ ನಿಲ್ಲಿಸಬೇಕು. ಗದ್ದವನ್ನು ತುಸು ಒಳಕ್ಕೆ ಎಳೆದು, ನೆತ್ತಿಯನ್ನು ಮೇಲಕ್ಕೆತ್ತಿದಂತೆ ಇಟ್ಟು, ಕಿವಿಗಳು ಹೆಗಲ ನೇರಕ್ಕೂ ಮೂಗು ಹೊಕ್ಕುಳ ನೇರಕ್ಕೂ ಬರುವಂತೆ ಕೂರಬೇಕು. ನಾಲಗೆ ಮೇಲಂಗುಳಕ್ಕೆ ತಾಗಿರುತ್ತದೆ, ಬಾಯಿ ಮುಚ್ಚಿರುತ್ತದೆ. ಕಣ್ಣನ್ನು ಪೂರ್ತಿ ಮುಚ್ಚುವುದಿಲ್ಲ. ಸುಮಾರು ಒಂದು ಮೀಟರ್ ಮುಂದಿನ ನೆಲದ ಕಡೆಗೆ ನೋಟ ಇಳಿದಿರುತ್ತದೆ. ಕಣ್ಣು ಮುಚ್ಚಿದರೆ ತೂಕಡಿಕೆ ಮತ್ತು ಹಗಲುಗನಸು ಹೆಚ್ಚುತ್ತವೆಂಬುದು ಇದಕ್ಕೆ ಕೊಡುವ ಕಾರಣ. ಎಡ ಅಂಗೈಯನ್ನು ಬಲ ಅಂಗೈಯ ಮೇಲಿಟ್ಟು, ಎರಡೂ ಹೆಬ್ಬೆರಳುಗಳ ತುದಿಗಳನ್ನು ಹಗುರವಾಗಿ ಸೋಕಿಸಿ, ಕೈಗಳನ್ನು ಹೊಕ್ಕುಳ ಕೆಳಗೆ ಇಟ್ಟುಕೊಳ್ಳುತ್ತಾರೆ. ಭಾರತದ ಬುದ್ಧಮೂರ್ತಿಗಳ ಧ್ಯಾನಮುದ್ರೆಯಲ್ಲಿ ಸಾಮಾನ್ಯವಾಗಿ ಬಲಗೈ ಮೇಲಿರುತ್ತದೆ. ಝಝೆನ್‌ನಲ್ಲಿ ಇದು ತಿರುಗುಮುರುಗು. ಕೈಮುದ್ರೆಯೇ ಎಚ್ಚರದ ಅಳತೆ: ಮನಸ್ಸು ಮಂಕಾದಾಗ ಹೆಬ್ಬೆರಳುಗಳು ಕುಸಿಯುತ್ತವೆ ಇಲ್ಲವೇ ಬೇರ್ಪಡುತ್ತವೆ, ಬಿಗಿದಾಗ ಒಂದನ್ನೊಂದು ಒತ್ತಿ ಮೇಲೇಳುತ್ತವೆ.

ಸೋಟೋ ಶಾಖೆಯವರು ಗೋಡೆಗೆ ಮುಖಮಾಡಿ ಕೂರುತ್ತಾರೆ, ರಿಂಝಾಯ್ ಶಾಖೆಯವರು ಕೋಣೆಯ ಮಧ್ಯಕ್ಕೆ. ಒಂದು ಸುತ್ತು ಸುಮಾರು 40 ನಿಮಿಷ, ಅಂದರೆ ಒಂದು ಊದುಬತ್ತಿ ಉರಿಯುವಷ್ಟು ಹೊತ್ತು. ಕೇಂದ್ರಗಳಲ್ಲಿ 25 ನಿಮಿಷದ ಸುತ್ತುಗಳೂ ಇವೆ. ಸೋಟೋ ಕ್ರಮದಲ್ಲಿ ಗಂಟೆಯನ್ನು ಮೂರು ಸಲ ಬಾರಿಸಿದರೆ ಕೂರುವುದು ಆರಂಭ, ಎರಡು ಸಲ ಬಾರಿಸಿದರೆ ನಡಿಗೆ. ಸುತ್ತುಗಳ ನಡುವಿನ ಈ ನಡಿಗೆಗೆ ಕಿನ್‌ಹಿನ್ ಎಂದು ಹೆಸರು. ಹೆಬ್ಬೆರಳನ್ನು ಒಳಗಿಟ್ಟು ಮಡಿಸಿದ ಎಡಮುಷ್ಟಿಯನ್ನು ಎದೆಯ ಮುಂದಿರಿಸಿ, ಬಲಗೈಯಿಂದ ಮುಚ್ಚಿ, ಒಂದು ಉಸಿರಿಗೆ ಅರ್ಧ ಹೆಜ್ಜೆಯಂತೆ ಸೋಟೋದವರು ನಡೆಯುತ್ತಾರೆ. ರಿಂಝಾಯ್‌ನವರ ನಡಿಗೆ ಚುರುಕು. ತೂಕಡಿಸುವವರ ಹೆಗಲಿಗೆ ಬಡಿಯುವ ಚಪ್ಪಟೆ ಕೋಲಿಗೆ ಕ್ಯೋಸಾಕು ಎನ್ನುತ್ತಾರೆ. ಅದನ್ನು ಶಿಕ್ಷೆಯೆಂದು ಪರಿಗಣಿಸುವುದಿಲ್ಲ, ಕೈಮುಗಿದು ತಾವಾಗಿಯೇ ಕೇಳಿಕೊಳ್ಳುವವರೂ ಇದ್ದಾರೆ. ಜಪಾನಿನ ಹೊರಗಿನ ಅನೇಕ ಕೇಂದ್ರಗಳು ಅದರ ಬಳಕೆಯನ್ನು ಕೈಬಿಟ್ಟಿವೆ.

ಅಭ್ಯಾಸದ ಬಗೆಗಳು

ಹೊಸಬರಿಗೆ ಕೊಡುವುದು ಉಸಿರೆಣಿಕೆ. ಹೊರಬಿಡುವ ಉಸಿರುಗಳನ್ನು ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರಬೇಕು. ಎಣಿಕೆ ತಪ್ಪಿದರೆ, ಅಥವಾ ಹತ್ತನ್ನು ದಾಟಿ ಹದಿನೈದಕ್ಕೆ ಹೋಗಿದ್ದು ಅರಿವಿಗೆ ಬಂದರೆ, ಬೇಸರಿಸದೆ ಒಂದರಿಂದ ಶುರುಮಾಡಬೇಕು. ಮರಳಿ ಬರುವ ಈ ಕ್ರಿಯೆಯೇ ತರಬೇತಿಯ ತಿರುಳು. ಇದು ಸ್ವಲ್ಪ ಕೈಹತ್ತಿದ ಮೇಲೆ ಎಣಿಕೆ ಬಿಟ್ಟು ಉಸಿರನ್ನಷ್ಟೇ ಹಿಂಬಾಲಿಸುವುದು ಎರಡನೆಯ ಹಂತ. ಪ್ರಾಣಾಯಾಮದಂತೆ ಉಸಿರನ್ನು ತಡೆಯುವ, ಅಳೆಯುವ ಕ್ರಮ ಇಲ್ಲಿಲ್ಲ.

ಶಿಕಾನ್‌ತಾಝ ಸೋಟೋ ಶಾಖೆಯ ಮುಖ್ಯ ಅಭ್ಯಾಸ. ಇದರಲ್ಲಿ ಎಣಿಕೆ, ಮಂತ್ರ, ಚಿತ್ರ ಯಾವುದೂ ಇಲ್ಲ, ಕೂರುವುದಷ್ಟೇ ಇದೆ. ಯೋಚನೆ ಬಂದರೆ ಓಡಿಸುವುದಿಲ್ಲ, ಬೆನ್ನಟ್ಟುವುದೂ ಇಲ್ಲ. ದೋಗೆನ್ ಪ್ರಕಾರ ಝಝೆನ್ ಜ್ಞಾನೋದಯಕ್ಕೆ ಸಾಧನವಲ್ಲ, ಅದೇ ಜ್ಞಾನೋದಯದ ನಡೆ. ಹೇಳಲು ಸರಳವಾದರೂ ಹಿಡಿತಕ್ಕೆ ಸಿಗುವಂಥದ್ದೇನೂ ಇಲ್ಲದ ಕಾರಣ ಇದು ಹೊಸಬರಿಗೆ ಅತ್ಯಂತ ಕಷ್ಟದ ಕ್ರಮ.

ಕೋಆನ್ ಅಭ್ಯಾಸ ರಿಂಝಾಯ್ ಶಾಖೆಯ ವಿಶೇಷ. ಕೋಆನ್ ಎಂದರೆ ಹಿಂದಿನ ಆಚಾರ್ಯರ ಮಾತು ಅಥವಾ ವರ್ತನೆಯ ಒಂದು ಪ್ರಸಂಗ; ತರ್ಕದಿಂದ ಅದು ಬಗೆಹರಿಯದು. ವುಮೆನ್ ಹುಯ್‌ಕಾಯ್ 1228ರಲ್ಲಿ ಸಂಕಲಿಸಿದ ‘ವುಮೆನ್‌ಗುವಾನ್’ ಗ್ರಂಥದಲ್ಲಿ ಇಂಥ 48 ಪ್ರಸಂಗಗಳಿವೆ. ಮೊದಲನೆಯದು ನಾಯಿಗೆ ಬುದ್ಧಸ್ವಭಾವ ಇದೆಯೇ ಎಂಬ ಪ್ರಶ್ನೆಗೆ ಝಾವೋಝೌ (778–897) ಕೊಟ್ಟ ‘ಮು’ ಎಂಬ ಒಂದಕ್ಷರದ ಉತ್ತರ. ಏಳನೆಯದು ನಿತ್ಯಾಭ್ಯಾಸಕ್ಕೆ ಹೆಚ್ಚು ಹತ್ತಿರದ್ದು: ವಿಹಾರಕ್ಕೆ ಹೊಸದಾಗಿ ಬಂದ ಭಿಕ್ಷು ಉಪದೇಶ ಕೇಳಿದಾಗ ಝಾವೋಝೌ ಗಂಜಿ ಕುಡಿದಾಯಿತೇ ಎಂದು ವಿಚಾರಿಸಿ, ಆಗಿದ್ದರೆ ಬಟ್ಟಲು ತೊಳೆಯುವಂತೆ ಹೇಳುತ್ತಾರೆ. ಶಿಷ್ಯ ತನ್ನ ಉತ್ತರವನ್ನು ಗುರುವಿನೆದುರು ಏಕಾಂತ ಭೇಟಿಯಲ್ಲಿ ತೋರಿಸಬೇಕು. ಪುಸ್ತಕದಲ್ಲಿ ಓದಿ ಒಪ್ಪಿಸಿದ ಉತ್ತರಗಳು ಅಲ್ಲಿ ನಡೆಯುವುದಿಲ್ಲ.

ಕೆಲಸದಲ್ಲಿ ಅಭ್ಯಾಸ

ವಿಹಾರದ ದೈಹಿಕ ಕೆಲಸಕ್ಕೆ ಸಾಮು ಎಂಬ ಹೆಸರಿದೆ. ಗುಡಿಸುವುದು, ಒರೆಸುವುದು, ಕಳೆ ಕೀಳುವುದು, ಸೌದೆ ಒಡೆಯುವುದು ಇದರಲ್ಲಿ ಸೇರುತ್ತವೆ. ಮಾತಿಲ್ಲದೆ, ಒಂದು ಹೊತ್ತಿಗೆ ಒಂದೇ ಕೆಲಸವನ್ನು, ಮುಗಿಸುವ ಅವಸರವಿಲ್ಲದೆ ಮಾಡುವುದು ಇದರ ನಿಯಮ. ನಿಲ್ಲಿಸುವ ಗಂಟೆಯಾದಾಗ ಕೆಲಸ ಅರ್ಧವಾಗಿದ್ದರೂ ಸಲಕರಣೆಗಳನ್ನು ತೊಳೆದು ಸ್ವಸ್ಥಾನದಲ್ಲಿಟ್ಟು ಏಳಬೇಕು. ಸಾಮುವನ್ನು ಶರಣರ ಕಾಯಕದೊಂದಿಗೆ ಹೋಲಿಸುವುದುಂಟು. ಎರಡಕ್ಕೂ ಚಾರಿತ್ರಿಕ ಸಂಬಂಧವಿಲ್ಲ. ಕಾಯಕ ಗೃಹಸ್ಥನ ಜೀವನೋಪಾಯ ಮತ್ತು ದಾಸೋಹಕ್ಕೆ ಮೂಲ. ಸಾಮು ವಿಹಾರದ ಒಳಗಿನ ಸಾಮೂಹಿಕ ದುಡಿಮೆ.

ಈ ಬಗೆಯ ಅಭ್ಯಾಸವನ್ನು ಅತಿ ವಿವರವಾಗಿ ಬರೆದಿಟ್ಟವರು ದೋಗೆನ್. ಅವರು 1237ರಲ್ಲಿ ರಚಿಸಿದ ‘ತೆಂಝೋ ಕ್ಯೋಕುನ್’ ವಿಹಾರದ ಅಡುಗೆಯವನಿಗೆ, ಅಂದರೆ ತೆಂಝೋಗೆ, ಬರೆದ ಕೈಪಿಡಿ. ಅಕ್ಕಿ ತೊಳೆಯುವಾಗ ಕಲ್ಲು ಆರಿಸಬೇಕು, ಕಲ್ಲು ಆರಿಸುವಾಗ ಅಕ್ಕಿಕಾಳು ಚೆಲ್ಲದಂತೆ ನೋಡಬೇಕು. ಅಕ್ಕಿ ತೊಳೆದ ನೀರನ್ನು ಸುಮ್ಮನೆ ಸುರಿಯಬಾರದು. ಎತ್ತರದ ಜಾಗದ ಪಾತ್ರೆ ಎತ್ತರದಲ್ಲಿ, ತಗ್ಗಿನದು ತಗ್ಗಿನಲ್ಲಿ ಇರಬೇಕು. ಸಾಮಗ್ರಿಯನ್ನು ಸ್ವಂತ ಕಣ್ಣಿನಷ್ಟು ಜೋಪಾನ ಮಾಡಬೇಕು. ಒಳ್ಳೆಯ ತರಕಾರಿ ಬಂದಾಗ ಉಬ್ಬದೆ, ಬಡ ಸೊಪ್ಪು ಬಂದಾಗ ಕುಗ್ಗದೆ ಒಂದೇ ಮನಸ್ಸಿನಿಂದ ಬೇಯಿಸಬೇಕು. ಚೀನಾದಲ್ಲಿ ತಾವು ಕಂಡ ಇಬ್ಬರು ಮುದಿ ಅಡುಗೆಯವರನ್ನು ದೋಗೆನ್ ಈ ಗ್ರಂಥದಲ್ಲಿ ಗುರುಗಳ ಸ್ಥಾನದಲ್ಲಿ ನೆನೆಯುತ್ತಾರೆ. ಅವರಲ್ಲಿ ಒಬ್ಬರಿಗೆ 68 ವರ್ಷ. ಸುಡುಬಿಸಿಲಿನಲ್ಲಿ, ತಲೆಗೆ ಟೋಪಿಯಿಲ್ಲದೆ, ಬೆನ್ನು ಬಾಗಿಸಿಕೊಂಡು ಅಣಬೆ ಒಣಗಿಸುತ್ತಿದ್ದರು. ಬೇರೆಯವರಿಂದ ಮಾಡಿಸಬಾರದೇ ಎಂದು ದೋಗೆನ್ ಕೇಳಿದರೆ, ಬೇರೆಯವರು ಮಾಡಿದ್ದು ತಾನು ಮಾಡಿದಂತಾಗದು ಎಂಬರ್ಥದ ಉತ್ತರ ಬಂತು. ಅಡುಗೆಯವನಿಗೆ ಮೂರು ಬಗೆಯ ಮನಸ್ಸು ಬೇಕೆಂದು ಗ್ರಂಥ ಮುಗಿಯುತ್ತದೆ: ಹರ್ಷದ ಮನಸ್ಸು, ಹೆತ್ತವರ ಮನಸ್ಸು, ವಿಶಾಲ ಮನಸ್ಸು.

ಊಟಕ್ಕೂ ಕ್ರಮವಿದೆ. ಓರ್ಯೋಕಿ ಎಂಬುದು ಒಂದರೊಳಗೊಂದು ಕೂರುವ ಬಟ್ಟಲುಗಳ ಗಂಟು ಮತ್ತು ಅದನ್ನು ಬಿಚ್ಚಿ ಉಣ್ಣುವ ವಿಧಿ. ಊಟವಾದ ಮೇಲೆ ಕೂತಲ್ಲೇ ಬಿಸಿನೀರಿನಿಂದ ಬಟ್ಟಲು ತೊಳೆದು, ಆ ನೀರಿನಲ್ಲಿ ಸ್ವಲ್ಪ ಕುಡಿದು, ಬಟ್ಟಲನ್ನು ಒರೆಸಿ ಮತ್ತೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ದೋಗೆನ್ ಅವರ ಬೃಹದ್ಗ್ರಂಥ ‘ಶೋಬೋಗೆಂಝೋ’ದಲ್ಲಿ ಮುಖ ತೊಳೆಯುವುದಕ್ಕೆ ಒಂದು ಅಧ್ಯಾಯ, ಶೌಚಕ್ಕೆ ಒಂದು ಅಧ್ಯಾಯ ಮೀಸಲಾಗಿವೆ. ಸೋಟೋ ವಿಹಾರಗಳಲ್ಲಿ ಧ್ಯಾನಮಂದಿರ, ಸ್ನಾನಗೃಹ, ಶೌಚಾಲಯ ಈ ಮೂರೂ ಮೌನದ ತಾಣಗಳು. ಧ್ಯಾನಕ್ಕೂ ಶೌಚಕ್ಕೂ ಒಂದೇ ದರ್ಜೆಯ ಎಚ್ಚರ ಸಲ್ಲುತ್ತದೆ.

ಹಕುಯಿನ್ ಅವರ ‘ಒರಾತೆಗಾಮ’ ಎಂಬ ಪತ್ರಸಂಗ್ರಹ ಇನ್ನೂ ಮುಂದೆ ಹೋಗಿ, ಚಟುವಟಿಕೆಯ ನಡುವಿನ ಧ್ಯಾನ ಏಕಾಂತದ ಧ್ಯಾನಕ್ಕಿಂತ ಬಹಳ ಮಿಗಿಲೆಂದು ಹೇಳುತ್ತದೆ. ಹಾಗೆಂದು ಹಕುಯಿನ್ ಕೂರುವುದನ್ನು ಕೈಬಿಡಲು ಹೇಳಲಿಲ್ಲ. ಕೂರದೆಯೇ ಎಲ್ಲ ಕೆಲಸವೂ ಝೆನ್ ಎನ್ನುವ ವಾದಕ್ಕೆ ಯಾವ ಶಾಖೆಯ ಮೂಲಗ್ರಂಥಗಳಲ್ಲೂ ಆಧಾರ ದೊರೆಯುವುದಿಲ್ಲ. ಚಹಾಕೂಟದ ಕಲೆಯಲ್ಲೂ ಝೆನ್ ನಂಟು ಸ್ಪಷ್ಟ. ಅದನ್ನು ಪೂರ್ಣರೂಪಕ್ಕೆ ತಂದ ಸೆನ್ ನೊ ರಿಕ್ಯೂ (1522–1591) ಝೆನ್ ಅಭ್ಯಾಸ ಮಾಡಿದವರು. ಬಿಲ್ಲುವಿದ್ಯೆಯ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳುವಂತಿಲ್ಲ. ಆ ನಂಟನ್ನು ಪ್ರಸಿದ್ಧಗೊಳಿಸಿದ್ದು 1948ರ ಒಂದು ಜರ್ಮನ್ ಪುಸ್ತಕ. ಅದರ ಚಿತ್ರಣವನ್ನು ನಂತರದ ಜಪಾನೀ ಸಂಶೋಧಕರು ಪ್ರಶ್ನಿಸಿದ್ದಾರೆ.

ಗೃಹಸ್ಥರ ಅಭ್ಯಾಸ

ಮನೆಯಲ್ಲಿ ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಬೆಳಗ್ಗೆ ಒಂದು ಸುತ್ತು ಕೂರುತ್ತಾರೆ, ಸಾಧ್ಯವಾದರೆ ರಾತ್ರಿ ಮತ್ತೊಂದು. ಆರಂಭಕ್ಕೆ 10ರಿಂದ 15 ನಿಮಿಷ ಸಾಕು. ಅಪರೂಪಕ್ಕೊಮ್ಮೆ ಗಂಟೆಗಟ್ಟಲೆ ಕೂರುವುದಕ್ಕಿಂತ ದಿನವೂ ಸ್ವಲ್ಪ ಕೂರಬೇಕೆಂಬುದು ಎಲ್ಲ ಶಾಖೆಗಳ ಸಲಹೆ. ಹೊಟ್ಟೆ ತುಂಬಿರುವಾಗ, ನಿದ್ದೆಗೆಟ್ಟಿರುವಾಗ ಕೂರಬಾರದು; ಜಾಗ ಶುಚಿಯಾಗಿ, ತೀರ ಕತ್ತಲಾಗದೆ, ತೀರ ಬೆಳಕಾಗದೆ ಇರಬೇಕು; ಬಟ್ಟೆ ಸಡಿಲವಾಗಿರಬೇಕು. ಉಳಿದ ಹೊತ್ತಿನಲ್ಲಿ ಒಂದೆರಡು ನಿತ್ಯದ ಕೆಲಸಗಳನ್ನು, ಉದಾಹರಣೆಗೆ ಪಾತ್ರೆ ತೊಳೆಯುವುದನ್ನೋ ಮೆಟ್ಟಿಲು ಹತ್ತುವುದನ್ನೋ, ಅಭ್ಯಾಸಕ್ಕೆಂದು ಆರಿಸಿಕೊಳ್ಳುತ್ತಾರೆ. ವಿಯೆಟ್ನಾಮಿನ ಥಿಯೆನ್ ಆಚಾರ್ಯ ಥಿಚ್ ನ್ಹಾತ್ ಹಾನ್ (1926–2022) ಫೋನಿನ ಗಂಟೆಯನ್ನೂ ಉಸಿರಿಗೆ ಮರಳುವ ಕರೆಯಾಗಿ ಬಳಸಲು ಕಲಿಸಿದರು. ಅಮೆರಿಕದ ಚಾರ್ಲಟ್ ಜೋಕೋ ಬೆಕ್ (1917–2011) ಸಂಸಾರ, ಉದ್ಯೋಗ, ಸಿಟ್ಟು, ನಿರಾಶೆಗಳನ್ನೇ ಅಭ್ಯಾಸದ ವಸ್ತುವಾಗಿಸಿದರು. ಅವರ ‘ಎವೆರಿಡೇ ಝೆನ್’ 1989ರಲ್ಲಿ ಪ್ರಕಟವಾಯಿತು.

ಒಂಟಿಯಾಗಿ ಕಲಿತು ಮುಂದುವರಿಯುವುದಕ್ಕೆ ಮಿತಿಯಿದೆ ಎಂಬ ನಿಲುವು ಪರಂಪರೆಯಲ್ಲಿ ಗಟ್ಟಿಯಾಗಿದೆ. ಭಂಗಿಯ ದೋಷ ತನಗೆ ತಾನೇ ಕಾಣುವುದಿಲ್ಲ. ಅನುಭವಗಳಿಗೆ ತಾನೇ ಅರ್ಥ ಹಚ್ಚಿಕೊಳ್ಳುವ ಅಪಾಯವೂ ಇದೆ. ಹಾಗಾಗಿ ವಾರಕ್ಕೊಮ್ಮೆ ಗುಂಪಿನಲ್ಲಿ ಕೂರುವುದು ಮತ್ತು ವರ್ಷಕ್ಕೆ ಒಂದೆರಡು ಸೆಶ್ಶಿನ್‌ಗಳಲ್ಲಿ ಭಾಗವಹಿಸುವುದು ರೂಢಿ. ಸೆಶ್ಶಿನ್ ಎಂದರೆ ಹಲವು ದಿನಗಳ, ಸಾಮಾನ್ಯವಾಗಿ ಐದರಿಂದ ಏಳು ದಿನಗಳ, ಮೌನಶಿಬಿರ. ಬುದ್ಧನ ಜ್ಞಾನೋದಯದ ನೆನಪಿನಲ್ಲಿ ಡಿಸೆಂಬರ್ 1ರಿಂದ 8ರ ಬೆಳಗಿನವರೆಗೆ ನಡೆಯುವ ರೋಹಾತ್ಸು ಸೆಶ್ಶಿನ್ ಅತ್ಯಂತ ಕಠಿಣವಾದುದು.

ತೊಡಕುಗಳು

ಮಂಡಿ ಮತ್ತು ಕಣಕಾಲಿನ ನೋವು ಮೊದಲ ತೊಡಕು. ಕಾಲು ಜೋಮು ಹಿಡಿಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವನ್ನು ಸಹಿಸಿಕೊಂಡು ಕೂರಬಾರದು. ದೀರ್ಘ ಅಭ್ಯಾಸದಲ್ಲಿ ಕಾಣುವ ಬೆಳಕು, ರೂಪ, ಸದ್ದುಗಳಿಗೆ ಮಕ್ಯೋ ಎನ್ನುತ್ತಾರೆ. ಅವು ಸಾಧನೆಯ ಗುರುತಲ್ಲ, ಅವುಗಳ ಬೆನ್ನು ಹತ್ತಬಾರದು. ಅತಿಯಾದ ಪ್ರಯತ್ನದಿಂದ ಬರುವ ನಿದ್ರಾಹೀನತೆ, ಎದೆಬಡಿತ, ತಲ್ಲಣಗಳನ್ನು ಝೆನ್‌ಬ್ಯೋ, ಅಂದರೆ ಝೆನ್ ಕಾಯಿಲೆ, ಎಂದು ಗುರುತಿಸಿದ್ದಾರೆ. ಸ್ವತಃ ಹಕುಯಿನ್ ಯೌವನದಲ್ಲಿ ಇದಕ್ಕೆ ತುತ್ತಾಗಿದ್ದರು. 1757ರ ‘ಯಾಸೆನ್‌ಕನ್ನ’ ಕೃತಿಯಲ್ಲಿ ಇದಕ್ಕೆ ಅವರು ಹೇಳುವ ಒಂದು ಮದ್ದು ಹೀಗಿದೆ: ನೆತ್ತಿಯ ಮೇಲೆ ಸುವಾಸನೆಯ ಬೆಣ್ಣೆಯುಂಡೆ ಇದೆಯೆಂದೂ, ಅದು ಕರಗಿ ಹೆಗಲು, ಎದೆ, ಹೊಟ್ಟೆಗಳ ಮೂಲಕ ಅಂಗಾಲಿನವರೆಗೆ ಇಳಿಯುತ್ತಿದೆಯೆಂದೂ ಭಾವಿಸುವುದು. ತೀವ್ರ ಮಾನಸಿಕ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಸೆಶ್ಶಿನ್‌ಗೆ ಹೋಗುವುದು ಅಪಾಯಕರ.

ವೈಜ್ಞಾನಿಕ ಅಧ್ಯಯನ

ಟೋಕಿಯೋದ ಕಸಾಮಾತ್ಸು ಮತ್ತು ಹಿರಾಯ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮೊದಮೊದಲ ಕೆಲಸಗಳಲ್ಲೊಂದು. ಝಝೆನ್‌ನಲ್ಲಿ ಕಣ್ಣು ತೆರೆದಿದ್ದರೂ ಮಿದುಳಿನಲ್ಲಿ ಆಲ್ಫಾ ತರಂಗಗಳು ಕಾಣಿಸಿಕೊಳ್ಳುವುದನ್ನು, ನುರಿತವರಲ್ಲಿ ಥೀಟಾ ತರಂಗಗಳು ಬರುವುದನ್ನು ಅವರು ದಾಖಲಿಸಿದರು. ಝೆನ್ ಅಭ್ಯಾಸಿಯಾಗಿದ್ದ ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ ಒತ್ತಡನಿವಾರಣಾ ಕಾರ್ಯಕ್ರಮ ಧ್ಯಾನವನ್ನು ಆಸ್ಪತ್ರೆಗಳಿಗೆ ತಂದಿತು. ಒಟ್ಟು 47 ಪ್ರಯೋಗಗಳ 3,515 ಜನರ ಮಾಹಿತಿಯನ್ನು ಪರಿಶೀಲಿಸಿದ 2014ರ ಸಮೀಕ್ಷೆಯೊಂದು, ಧ್ಯಾನ ಕಾರ್ಯಕ್ರಮಗಳಿಂದ ಆತಂಕ, ಖಿನ್ನತೆ, ನೋವುಗಳಲ್ಲಿ ಅಲ್ಪ ಪ್ರಮಾಣದಿಂದ ಮಧ್ಯಮ ಪ್ರಮಾಣದವರೆಗಿನ ಸುಧಾರಣೆ ಕಂಡಿತು. ಔಷಧಿ ಅಥವಾ ವ್ಯಾಯಾಮಕ್ಕಿಂತ ಅವು ಮೇಲೆಂಬುದಕ್ಕೆ ಪುರಾವೆ ಸಿಗಲಿಲ್ಲ. ಈ ಸಮೀಕ್ಷೆ ಝೆನ್ ಒಂದನ್ನೇ ಕುರಿತದ್ದಲ್ಲವಾದ್ದರಿಂದ ಇದರ ಫಲಿತಾಂಶವನ್ನು ಝಝೆನ್‌ಗೆ ನೇರವಾಗಿ ಅನ್ವಯಿಸಲಾಗದು.

ಇಂದಿನ ಸ್ಥಿತಿ

ಜಪಾನಿನಲ್ಲಿ ಸೋಟೋ ಶಾಖೆಯೊಂದಕ್ಕೇ ಸುಮಾರು 14 ಸಾವಿರ ದೇವಾಲಯಗಳಿವೆ. ಅವುಗಳಲ್ಲಿ ಬಹುಪಾಲಿನ ಮುಖ್ಯ ಕೆಲಸ ಅಂತ್ಯಸಂಸ್ಕಾರ ಮತ್ತು ಪಿತೃಕಾರ್ಯ. ಸಾರ್ವಜನಿಕರಿಗೆ ಝಝೆನ್ ಕಲಿಸುವ ದೇವಾಲಯಗಳು ಕಡಿಮೆ. ಗೃಹಸ್ಥರಿಗೆ ಬಾಗಿಲು ತೆರೆದ ಹೆಗ್ಗಳಿಕೆ ಕಾಮಾಕುರಾದ ಎಂಗಾಕುಜಿಯದು. ಕಾದಂಬರಿಕಾರ ನಾತ್ಸುಮೆ ಸೋಸೆಕಿ ಅಲ್ಲಿ ಕೂತಿದ್ದರು. ಅದೇ ವಿಹಾರದ ಶಾಕು ಸೋಯೆನ್ 1893ರಲ್ಲಿ, ಸ್ವಾಮಿ ವಿವೇಕಾನಂದರು ಮಾತಾಡಿದ ಶಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ, ಝೆನ್ ಪ್ರತಿನಿಧಿಯಾಗಿದ್ದರು. ಅವರ ಶಿಷ್ಯ ಡಿ.ಟಿ. ಸುಝುಕಿ (1870–1966) ಇಂಗ್ಲಿಷ್ ಗ್ರಂಥಗಳಿಂದ ಝೆನ್ ವಿಚಾರವನ್ನು ಹರಡಿದರೆ, 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಶುನ್‌ರ್ಯೂ ಸುಝುಕಿ (1904–1971) ಜನರನ್ನು ಕೂರಿಸಿ ಕಲಿಸಿದರು. ಯುರೋಪಿನಲ್ಲಿ ಈ ಕೆಲಸ ಮಾಡಿದವರು 1967ರಲ್ಲಿ ಪ್ಯಾರಿಸ್ ಸೇರಿದ ತಾಯ್‌ಸೆನ್ ದೆಶಿಮಾರು. ಕೊರಿಯಾದ ವಿಹಾರಗಳು ಚಳಿಗಾಲ ಮತ್ತು ಬೇಸಿಗೆಯಲ್ಲಿ ಮೂರು ಮೂರು ತಿಂಗಳ ಸಾಧನಾವಧಿಯನ್ನು ಇಂದಿಗೂ ಪಾಲಿಸುತ್ತವೆ. ಪರಂಪರೆಯ ಕಪ್ಪು ಅಧ್ಯಾಯವೆಂದರೆ ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಜಪಾನಿನ ಅನೇಕ ಝೆನ್ ಗುರುಗಳು ಸೇನಾ ಆಕ್ರಮಣವನ್ನು ಬೆಂಬಲಿಸಿದ್ದು. ಸೋಟೋ ಶಾಖೆ ಇದಕ್ಕಾಗಿ 1992ರಲ್ಲಿ ಅಧಿಕೃತವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿತು.

ಭಾರತದಲ್ಲಿ ಝೆನ್ ಕಲಿಕೆಯ ಪ್ರಮುಖ ನೆಲೆ ತಮಿಳುನಾಡಿನ ಕೊಡೈಕೆನಾಲ್ ಬಳಿ ಪೆರುಮಾಳ್‌ಮಲೈಯಲ್ಲಿರುವ ಬೋಧಿ ಝೆಂಡೋ. ಕಾಮಾಕುರಾದ ಯಮಾದಾ ಕೋಉನ್ (1907–1989) ಅವರ ಬಳಿ ಅಭ್ಯಾಸ ಮಾಡಿ ಬೋಧನೆಯ ಅಧಿಕಾರ ಪಡೆದ ಜೆಸ್ಯೂಟ್ ಪಾದ್ರಿ ಅಮಾ ಸಾಮಿ 1996ರಲ್ಲಿ ಇದನ್ನು ಸ್ಥಾಪಿಸಿದರು. ಧರ್ಮಭೇದವಿಲ್ಲದೆ ಎಲ್ಲರಿಗೂ ಪ್ರವೇಶವಿರುವ ಇಲ್ಲಿ ಝಝೆನ್, ಸಾಮು ಮತ್ತು ಸೆಶ್ಶಿನ್ ಮೂರೂ ನಡೆಯುತ್ತವೆ. ಬೆಂಗಳೂರಿನಿಂದ ಕೊಡೈಕೆನಾಲ್‌ಗೆ ಬಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ.